ಅಧ್ಯಕ್ಷೆಯ ಮಾತು ನಡಾವಳಿಯಲ್ಲಿ ಇರಬೇಕಿತ್ತು

ನಿನ್ನೆ ನಮ್ಮ ಕಡೆಯ ಒಂದು ಗ್ರಾಮಸಭೆಗೆ ಹೋಗಿ ಬಂದಾಗಿನಿಂದ ನನ್ನ ಮನಸ್ಸಿನ ಕುದಿ ಆರಿಲ್ಲ. ಸಭೆಯ ಅಧ್ಯಕ್ಷತೆ ವಹಿಸಬೇಕಾದವರು ಪಂಚಾಯಿತಿಯ ಅಧ್ಯಕ್ಷೆ. ಅವರು ನಡುವಿನ ಕುರ್ಚಿಯಲ್ಲಿ ಕುಳಿತೂ ಇದ್ದರು. ಆದರೆ ಮೈಕು ಹಿಡಿದವರು ಅವರ ಗಂಡ. ಕುಡಿಯುವ ನೀರಿನ ಮಾತು ಬಂದಾಗಲೂ, ಮನೆ ಮಂಜೂರಾದ ಫಲಾನುಭವಿಗಳ ಪಟ್ಟಿಯ ಬಗ್ಗೆ ತಕರಾರು ಎದ್ದಾಗಲೂ ಉತ್ತರಿಸಿದವರು ಅವರೇ. ಊರಿನವರು ಅವರನ್ನೇ ‘ಅಧ್ಯಕ್ಷರೇ’ ಎಂದು ಕರೆದರು. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಕೂಡ ಕಡತವನ್ನು ಅವರ ಮುಂದಕ್ಕೇ ಸರಿಸಿದರು. ಪಂಚಾಯಿತಿಯ ಬಿಲ್ಲು ಪಾವತಿಗೆ ಬೇಕಾದ ಅಧ್ಯಕ್ಷೆಯ ಡಿಜಿಟಲ್ ಸಹಿಯ ಡೋಂಗಲ್, ಗಂಡನ ಬೈಕಿನ ಕೀಲಿ ಗೊಂಚಲಿನಲ್ಲಿ ನೇತಾಡುತ್ತಿತ್ತು.

ನನಗೇಕೆ ಇಷ್ಟು ಸಂಕಟವೆಂಬುದನ್ನು ಹೇಳುತ್ತೇನೆ. ಪಂಚಾಯಿತಿಗಳಲ್ಲಿ ಮಹಿಳೆಯರಿಗೆ ಮೀಸಲಾತಿ ತಂದ ಸಂವಿಧಾನದ 73ನೇ ತಿದ್ದುಪಡಿ ದೇಶಕ್ಕೆಲ್ಲ ಬರುವ ಮೊದಲೇ, ಆಗಿನ ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬ್ ಅವರ ಮುತುವರ್ಜಿಯಿಂದ ಬಂದ 1983ರ ಪಂಚಾಯಿತಿ ಕಾಯ್ದೆಯಲ್ಲಿ ಮಹಿಳೆಯರಿಗೆ ಶೇ. 25ರಷ್ಟು ಸ್ಥಾನ ಮೀಸಲಿಟ್ಟ ರಾಜ್ಯ ನಮ್ಮದು. ಅದರಂತೆ 1987ರಲ್ಲಿ ನಡೆದ ಚುನಾವಣೆಯಲ್ಲಿ ಗೆದ್ದು ನನ್ನ ಅಮ್ಮ, ಕೆಲವು ಹಳ್ಳಿಗಳಿಗೆ ಸೇರಿ ಆಗ ಇದ್ದ ಮಂಡಲ ಪಂಚಾಯಿತಿಯ ಸದಸ್ಯೆಯಾದಳು. ಇಷ್ಟು ವರ್ಷ ಹೇಳದ ಒಂದು ಮಾತನ್ನು ಇಂದು ಹೇಳಿಬಿಡುತ್ತೇನೆ. ಆಗ ಕಾಲೇಜಿನಲ್ಲಿದ್ದ ನಾನು, ಪ್ರತಿ ಸಭೆಗೂ ಅವಳು ಆಡಬೇಕಾದ ಮಾತನ್ನು ಚೀಟಿಯಲ್ಲಿ ಬರೆದು ಕೊಡುತ್ತಿದ್ದೆ. ನಿನಗೇನು ಹೇಳಬೇಕಿದೆ ಎಂದು ಒಮ್ಮೆಯೂ ಕೇಳಲಿಲ್ಲ. ಅಮ್ಮ ಹೋದ ಮೇಲೆ ಆ ತಪ್ಪು ನನ್ನನ್ನು ಇನ್ನಷ್ಟು ಚುಚ್ಚುತ್ತಿದೆ.

ಅನುಭವವಿಲ್ಲದ ಹೆಣ್ಣುಮಗಳಿಗೆ ಗಂಡ ನೆರವಾದರೆ ತಪ್ಪೇನು ಎಂದು ಸಭೆ ಮುಗಿದ ಮೇಲೆ ಹಿರಿಯರೊಬ್ಬರು ಕೇಳಿದರು. ಮೊದಲ ಸಲ ಗೆದ್ದ ಗಂಡಸಿಗೆ ಮಾತ್ರ ಅನುಭವವೆಲ್ಲಿಂದ ಬರುತ್ತದೆ? ಅವನು ಎರಡು ಸಭೆಗಳಲ್ಲಿ ತಡವರಿಸಿ ಮೂರನೆಯದರಲ್ಲಿ ಕಲಿಯುತ್ತಾನೆ, ನಾವು ತಾಳ್ಮೆಯಿಂದ ಕಾಯುತ್ತೇವೆ. ಆ ತಾಳ್ಮೆ ಅಧ್ಯಕ್ಷೆಯ ಪಾಲಿಗೆ ಏಕಿಲ್ಲ? ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರದೇ ಆಗಿರುವ ಈ ರಾಜ್ಯದಲ್ಲಿ 2023ರ ಚುನಾವಣೆಯಲ್ಲಿ ವಿಧಾನಸಭೆಯ 224 ಸ್ಥಾನಗಳಿಗೆ ಗೆದ್ದು ಬಂದ ಮಹಿಳೆಯರು ಕೇವಲ 10. ಮರುವರ್ಷ ಲೋಕಸಭೆಯ ನಮ್ಮ 28 ಸ್ಥಾನಗಳಲ್ಲಿ ಮೂವರು. ಮೂರನೇ ಒಂದು ಭಾಗ ಮೀಸಲಿಡುವ ತಿದ್ದುಪಡಿಗೆ 2023ರಲ್ಲಿ ಸಂಸತ್ತಿನ ಒಪ್ಪಿಗೆ ಸಿಕ್ಕಿತಾದರೂ ಅದನ್ನು ಜನಗಣತಿಗೂ ಕ್ಷೇತ್ರ ಮರುವಿಂಗಡಣೆಗೂ ಗಂಟು ಹಾಕಲಾಯಿತು. ಪಂಚಾಯಿತಿಯಲ್ಲೇ ಬಾಯಿ ತೆರೆಯಲು ಬಿಡದೆ, ಟಿಕೆಟ್ ಹಂಚುವಾಗ ‘ಸಮರ್ಥ ಮಹಿಳೆಯರೇ ಸಿಗುವುದಿಲ್ಲ’ ಎನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಸಭೆಯಲ್ಲಿ ಮೇಲಿನ ಕೇರಿಗೆ ನೀರೇಕೆ ಬರುತ್ತಿಲ್ಲವೆಂಬ ಪ್ರಶ್ನೆಗೆ ಗಂಡ ‘ಹೊಸ ಬೋರು ಕೊರೆಸೋಣ’ ಎಂದಿದ್ದರು. ನಡಾವಳಿ ಪುಸ್ತಕಕ್ಕೆ ಅದೇ ಏರಿತು. ಎಲ್ಲರೂ ಏಳುತ್ತಿದ್ದಾಗ ಅಧ್ಯಕ್ಷೆ ಬಾಗಿಲ ಬಳಿ ನಿಂತಿದ್ದ ಆ ಕೇರಿಯ ಹೆಂಗಸರಿಗೆ ತಗ್ಗಿದ ದನಿಯಲ್ಲಿ ಹೇಳಿದರು: “ಬೋರ್ ನೀರು ಸಾಕಷ್ಟಿದೆ ಕಣಕ್ಕಾ. ಶಾಲೆ ಹಿಂದಿನ ವಾಲ್ವು ಕೆಟ್ಟಿದೆ, ನೀರೆಲ್ಲ ಕೆಳಗಿನ ಕೇರಿಗೇ ಇಳಿದುಹೋಗುತ್ತೆ. ನೀರುಗಂಟಿಗೆ ನಾನೇ ಹೇಳ್ತೀನಿ.”