ಶಾಸ್ತ್ರಕ್ಕೆ ಒಂದೇ ಮೇಲ್ಪಂಕ್ತಿ ಸಾಕೆ? ಪರ–ವಿರೋಧ

ಪ್ರಶ್ನೆ: ಒಂದು ಜ್ಞಾನಶಾಖೆಯಲ್ಲಿ ದುಡಿಯುವವರೆಲ್ಲ ಒಂದೇ ಪ್ಯಾರಡೈಮ್ (ಮೇಲ್ಪಂಕ್ತಿ, ಚಿಂತನೆಯ ಚೌಕಟ್ಟು) ಹಿಡಿದು ನಡೆದರೆ ಆ ಶಾಸ್ತ್ರ ಬೆಳೆಯುತ್ತದೆಯೋ, ಕಟ್ಟುಬೀಳುತ್ತದೆಯೋ?

ಪರ: ಗೆರೆ ನೇರವಿದ್ದರೆ ತಾನೆ ಸೊಟ್ಟ ಕಾಣುವುದು

ಪ್ಯಾರಡೈಮ್ ವ್ಯಾಕರಣದ ಕಡೆಯಿಂದ ಬಂದ ಪದ. ‘ಮರವು, ಮರವನ್ನು, ಮರದಿಂದ, ಮರಕ್ಕೆ’ ಎಂದು ಒಮ್ಮೆ ಬಾಯಿಪಾಠವಾದರೆ ‘ಹೊಲ’, ‘ಪುಸ್ತಕ’ಗಳ ರೂಪಗಳನ್ನು ಯಾರೂ ಬೇರೆಯಾಗಿ ಹೇಳಿಕೊಡಬೇಕಿಲ್ಲ. ಕನ್ನಡದಲ್ಲಿ ಇದಕ್ಕೆ ‘ಮೇಲ್ಪಂಕ್ತಿ’ ಎಂಬ ಹದವಾದ ಪದವಿದೆ. ಮೇಲಿನ ಸಾಲು ನೋಡಿಕೊಂಡು ಕೆಳಗೆ ಬರೆಯುವುದು. ವಿಜ್ಞಾನದ ಇತಿಹಾಸಕಾರ ಥಾಮಸ್ ಕೂನ್ 1962ರ ತಮ್ಮ ಪುಸ್ತಕದಲ್ಲಿ ಪ್ಯಾರಡೈಮ್ ಪದವನ್ನು ವಿಜ್ಞಾನದ ಚರಿತ್ರೆಗೆ ತಂದಾಗ ತೀರಾ ಸಡಿಲವಾಗಿ ಬಳಸಿದ್ದರು. ತತ್ತ್ವಶಾಸ್ತ್ರಜ್ಞೆ ಮಾರ್ಗರೆಟ್ ಮಾಸ್ಟರ್‌ಮನ್ ಕೂತು ಎಣಿಸಿ 21 ಅರ್ಥಗಳನ್ನು ತೋರಿಸಿದರು. ಆ ಪುಸ್ತಕಕ್ಕೆ 1969ರಲ್ಲಿ ಬರೆದ ಅನುಬಂಧದಲ್ಲಿ ಕೂನ್ ಅದನ್ನು ಎರಡಕ್ಕೆ ಇಳಿಸಿದರು: ಒಂದು ಸಮುದಾಯ ಹಂಚಿಕೊಂಡ ನಂಬಿಕೆ, ವಿಧಾನ, ಮೌಲ್ಯಗಳ ಇಡೀ ಗಂಟು, ಆ ಗಂಟಿನೊಳಗಿನ ಮಾದರಿ ಲೆಕ್ಕಗಳು. ಬಲವೆಂದರೆ ದ್ರವ್ಯರಾಶಿ ಗುಣಿಸು ವೇಗೋತ್ಕರ್ಷ ಎಂದು ಉರುಹೊಡೆದವನಿಗೆ ಏನೂ ಬರುವುದಿಲ್ಲ. ಇಳಿಜಾರು ಹಲಗೆ, ಲೋಲಕ, ರಾಟೆ ಎಂದು ಹತ್ತು ಲೆಕ್ಕ ಬಿಡಿಸಿದ ಮೇಲೆ ಹನ್ನೊಂದನೆಯದು ಅವುಗಳ ಜಾತಿಯದೇ ಎಂದು ಕಣ್ಣಿಗೆ ಹೊಳೆಯುತ್ತದಲ್ಲ, ಆ ಹೊಳೆಯುವಿಕೆಯೇ ಪ್ಯಾರಡೈಮ್.

ಇದರಿಂದ ಬರುವ ಲಾಭಕ್ಕೆ ರಸಾಯನಶಾಸ್ತ್ರವನ್ನೇ ನೋಡಿ. ಮೆಂಡಲೀವ್ 1871ರಲ್ಲಿ ಆವರ್ತ ಕೋಷ್ಟಕದಲ್ಲಿ ಅಲ್ಯೂಮಿನಿಯಂ ಕೆಳಗೆ ಒಂದು ಮನೆ ಖಾಲಿ ಬಿಟ್ಟು, ಅಲ್ಲಿಗೆ ಬರಬೇಕಾದ ಲೋಹದ ಪರಮಾಣು ತೂಕ ಸುಮಾರು 68, ಸಾಂದ್ರತೆ 5.9 ಎಂದು ಬರೆದಿಟ್ಟರು. 1875ರಲ್ಲಿ ಲೆಕಾಕ್ ದ ಬ್ವಾಬೊದ್ರಾನ್ ಗ್ಯಾಲಿಯಂ ಕಂಡುಹಿಡಿದರು. ಆದರೆ ಅವರು ಅಳೆದ ಸಾಂದ್ರತೆ 4.7. ಆ ಲೋಹವನ್ನು ಕಣ್ಣಿಂದ ಕೂಡ ಕಂಡಿರದ ಮೆಂಡಲೀವ್, ಅಳತೆ ಸರಿಯಿಲ್ಲ, ಮತ್ತೊಮ್ಮೆ ನೋಡಿ ಎಂದು ತಿಳಿಸಿದರು. ಲೋಹವನ್ನು ಶುದ್ಧಮಾಡಿ ಅಳೆದಾಗ ಬಂದದ್ದು 5.9. ಚೌಕಟ್ಟು ಇರದಿದ್ದರೆ 4.7 ಎಂಬುದು ಪುಸ್ತಕದಲ್ಲಿ ಸುಮ್ಮನೆ ಕೂತಿರುತ್ತಿತ್ತು, ಯಾರಿಗೂ ಅದು ಚುಚ್ಚುತ್ತಿರಲಿಲ್ಲ.

ಚೌಕಟ್ಟು ಹೊಸದನ್ನು ಕಾಣಗೊಡುವುದಿಲ್ಲ ಎನ್ನುವವರಿಗೆ ಭೌತಶಾಸ್ತ್ರಜ್ಞ ರೇಲಿಯ ತಕ್ಕಡಿ ತೋರಿಸಬೇಕು. ಪರಮಾಣು ತೂಕಗಳು ಜಲಜನಕದ ಪೂರ್ಣ ಮಡಿಗಳೇ ಎಂಬ ಹಳೆಯ ಊಹೆಯನ್ನು ಒರೆಗೆ ಹಚ್ಚಲು ಅವರು ಅನಿಲಗಳನ್ನು ತೂಗುತ್ತಿದ್ದರು. ಕಾದ ತಾಮ್ರದ ಮೇಲೆ ಗಾಳಿ ಹಾಯಿಸಿ ಆಮ್ಲಜನಕ ತೆಗೆದರೆ ಉಳಿಯುವ ಸಾರಜನಕ ಒಂದು ಬಗೆ, ಅಮೋನಿಯಾದಿಂದ ಪಡೆದದ್ದು ಇನ್ನೊಂದು. ಮೊದಲನೆಯದು ಸಾವಿರದಲ್ಲಿ ಒಂದು ಪಾಲಿನಷ್ಟು ಭಾರ ತೂಗಿತು. ಇಂಥ ವ್ಯತ್ಯಾಸವನ್ನು ಸರಾಸರಿ ಹಾಕಿ ಮುಚ್ಚಿಬಿಡುವುದು ಸುಲಭ. ರೇಲಿ ಅದನ್ನು ಹಿಗ್ಗಿಸಲು ಹೊರಟರು. ಅಮೋನಿಯಾ ವಿಧಾನದಲ್ಲಿ ಗಾಳಿ ಬಳಸಿದ್ದರಿಂದ ಅಲ್ಲಿಯೂ ಒಂದಿಷ್ಟು ಗಾಳಿಯ ಸಾರಜನಕ ಬೆರೆತಿತ್ತು. ಗಾಳಿಯ ಬದಲು ಶುದ್ಧ ಆಮ್ಲಜನಕ ಬಳಸಿದೊಡನೆ ವ್ಯತ್ಯಾಸ ಇನ್ನೂರರಲ್ಲಿ ಒಂದಕ್ಕೆ ಏರಿತು. ಲೀಟರಿಗೆ 1.2572 ಗ್ರಾಂ ಒಂದು ಕಡೆ, 1.2505 ಇನ್ನೊಂದು ಕಡೆ. ಒಂದೇ ವಸ್ತು, ಒಂದೇ ಒತ್ತಡ, ಒಂದೇ ಉಷ್ಣತೆ ಎಂದಾದರೆ ತೂಕವೂ ಒಂದೇ ಇರಬೇಕೆಂಬ ಹಟ ಇದ್ದದ್ದರಿಂದಲೇ ಆ 6.7 ಮಿಲಿಗ್ರಾಂ ಸಹಿಸಲಾಗಲಿಲ್ಲ. ರ‍್ಯಾಮ್ಸೆ ಎಂಬ ರಸಾಯನಶಾಸ್ತ್ರಜ್ಞ ಜೊತೆಗೂಡಿದರು, ಗಾಳಿಯೊಳಗೆ ಅಡಗಿದ್ದ ಆರ್ಗಾನ್ ಎಂಬ ಹೊಸ ಅನಿಲ ಸಿಕ್ಕಿತು.

ಇನ್ನೊಂದು ದಿಕ್ಕಿನ ಉದಾಹರಣೆ 2011ರದು. ಜಿನೀವಾ ಬಳಿಯ ಭೌತಶಾಸ್ತ್ರ ಪ್ರಯೋಗಾಲಯ ಸರ್ನ್‌ನಿಂದ ಹೊರಟ ನ್ಯೂಟ್ರಿನೊ ಎಂಬ ಅತಿಸೂಕ್ಷ್ಮ ಕಣಗಳು 730 ಕಿಲೋಮೀಟರ್ ದೂರದ, ಇಟಲಿಯ ಗ್ರಾನ್ ಸಾಸೊ ಪ್ರಯೋಗಾಲಯಕ್ಕೆ ಬೆಳಕಿಗಿಂತ ಸುಮಾರು 60 ನ್ಯಾನೊಸೆಕೆಂಡ್ ಮುಂಚೆ ಬಂದಂತೆ ಒಪೆರಾ ಪ್ರಯೋಗದಲ್ಲಿ ಕಂಡಿತು. ಬೆಳಕನ್ನು ಯಾವುದೂ ಮೀರದು ಎನ್ನುವ ಸಾಪೇಕ್ಷತೆಯನ್ನು ನೆಚ್ಚಿದವರು, ದೋಷ ಎಲ್ಲೋ ಸಮಯ ಅಳೆಯುವ ಸರಪಳಿಯಲ್ಲಿದೆ ಎಂದರು. 1987ರಲ್ಲಿ ಕಂಡ ನಕ್ಷತ್ರಸ್ಫೋಟದ, ಅಂದರೆ ಸೂಪರ್‌ನೋವಾದ ನ್ಯೂಟ್ರಿನೊಗಳು ಅದೇ ಪ್ರಮಾಣದಲ್ಲಿ ವೇಗವಾಗಿದ್ದರೆ ಬೆಳಕಿಗಿಂತ ವರ್ಷಗಳಷ್ಟು ಮುಂಚೆ ಬರಬೇಕಿತ್ತು. ಬಂದದ್ದು ಕೆಲವೇ ಗಂಟೆ ಮುಂಚೆ. ಕೊನೆಗೆ ಸಿಕ್ಕಿದ್ದು ಜಿಪಿಎಸ್ ಸಂಕೇತ ತರುವ ಆಪ್ಟಿಕಲ್ ಫೈಬರ್ ಕೇಬಲ್ಲು, ಪೂರ್ತಿ ಕೂತಿರದ ಕನೆಕ್ಟರ್.

ಈ ಶಿಸ್ತು ಇಲ್ಲದ ಕಡೆ ಏನಾಗುತ್ತದೆ? 1958–59ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಸಮಾಜವಿಜ್ಞಾನಿಗಳ ನಡುವೆ ಇದ್ದಾಗ ಕೂನ್‌ಗೆ ಎದ್ದು ಕಂಡದ್ದು, ಯಾವುದು ಸರಿಯಾದ ಪ್ರಶ್ನೆ ಎಂಬುದರಲ್ಲೇ ಅವರಿಗೆ ಒಮ್ಮತವಿಲ್ಲ ಎನ್ನುವುದು. ಪ್ರತಿ ಗ್ರಂಥವೂ ತಳಪಾಯದಿಂದ ಶುರುವಾಗಬೇಕಾದರೆ ಎರಡನೇ ಮಹಡಿ ಏಳುವುದು ಯಾವಾಗ?

ವಿರೋಧ: ಜರಡಿ ಕಂಡವರಿಗೆ ತೂತು ಕಾಣಲಿಲ್ಲ

ಆರ್ಗಾನ್ ಕತೆಯನ್ನು ಅರ್ಧದಿಂದ ಹೇಳಿದ್ದಾರೆ. ಮೊದಲರ್ಧ 1785ರದು. ಕ್ಯಾವೆಂಡಿಶ್ ಗಾಳಿಗೆ ಆಮ್ಲಜನಕ ಬೆರೆಸಿ, ಕ್ಷಾರದ ಮೇಲೆ ವಿದ್ಯುತ್ ಕಿಡಿ ಹಾಯಿಸುತ್ತ ಹೋದರು. ಸಾರಜನಕ ಕ್ಷಾರಕ್ಕೆ ಇಳಿಯಿತು. ಏನು ಮಾಡಿದರೂ ಕರಗದ ಸಣ್ಣ ಗುಳ್ಳೆಯೊಂದು ಉಳಿಯಿತು, ಒಟ್ಟಿನ 120ರಲ್ಲಿ ಒಂದು ಪಾಲಿಗಿಂತ ಹೆಚ್ಚಿಲ್ಲ. ಪ್ರಾಮಾಣಿಕರು, ಬರೆದಿಟ್ಟರು. ಮುಂದಿನ ನೂರಕ್ಕೂ ಹೆಚ್ಚು ವರ್ಷ ರಸಾಯನಶಾಸ್ತ್ರಜ್ಞರು ಉಸಿರಾಡುವ ಗಾಳಿಯ ಶೇ 0.93 ಭಾಗ ಏನೆಂದು ಯಾರೂ ಕೇಳಲಿಲ್ಲ. ಗಾಳಿಯಲ್ಲಿ ಏನಿದೆ ಎಂಬುದು ಮುಗಿದ ಅಧ್ಯಾಯವಾಗಿತ್ತು. ಆರ್ಗಾನ್ ಕೈಗೆ ಸಿಕ್ಕ ಮೇಲೂ, ಪರಮಾಣು ತೂಕ ಸುಮಾರು 40 ಇರುವ ಅದಕ್ಕೆ ಕೋಷ್ಟಕದಲ್ಲಿ ಮನೆಯಿಲ್ಲದ್ದರಿಂದ, ಇದು ಮೂರು ಪರಮಾಣು ಕೂಡಿದ ಸಾರಜನಕವಿರಬೇಕು ಎಂದವರು ಅದೇ ಮೆಂಡಲೀವ್. ಗ್ಯಾಲಿಯಂನಲ್ಲಿ ಗೆದ್ದ ಹಟ ಇಲ್ಲಿ ಸೋತಿತು. ಎರಡೂ ಕಡೆ ಹಟ ಒಂದೇ, ಯಾವುದು ಗೆಲ್ಲುತ್ತದೆಂದು ಮೊದಲೇ ತಿಳಿಯುವ ಉಪಾಯ ಚೌಕಟ್ಟಿನೊಳಗೆ ಇಲ್ಲ.

ಗೆರೆಯಿದ್ದರೆ ಸೊಟ್ಟ ಕಾಣುತ್ತದೆ ಎಂಬುದು ನಿಜ, ಆದರೆ ಗೆರೆ ಕಾಗದದ ಮೇಲೆ ಇದ್ದಾಗ ಮಾತ್ರ. ಅದು ಉಪಕರಣದೊಳಗೆ, ಸಾಫ್ಟ್‌ವೇರ್‌ನೊಳಗೆ, ಲ್ಯಾಬಿನ ವಾಡಿಕೆಯೊಳಗೆ ಇಳಿದುಬಿಟ್ಟರೆ ಸೊಟ್ಟಗಿನದು ಮೇಜಿನವರೆಗೂ ಬರುವುದೇ ಇಲ್ಲ. ಅಂಟಾರ್ಕ್ಟಿಕಾದ ಮೇಲಿನ ಓಝೋನ್ ಅಳೆಯುತ್ತಿದ್ದ ನಾಸಾ ಉಪಗ್ರಹದ ತಂತ್ರಾಂಶ, ಓಝೋನ್ ಅಳೆಯುವ ಮಾನದಲ್ಲಿ 180 ಡಾಬ್ಸನ್ ಯೂನಿಟ್‌ಗಿಂತ ಕಡಿಮೆ ಬಂದ ಅಳತೆಗಳಿಗೆ ‘ಅನುಮಾನಾಸ್ಪದ’ ಎಂದು ಗುರುತು ಹಾಕಿ ಪಕ್ಕಕ್ಕಿಡುತ್ತಿತ್ತು. ಅಷ್ಟು ಕಡಿಮೆ ಇರಲಾರದು ಎಂಬುದು ಅಂದಿನ ತಿಳಿವಳಿಕೆ. ಆ ಗುರುತುಗಳ ಪರಿಶೀಲನೆ ಮುಗಿಯುವ ಮೊದಲೇ, 1985ರಲ್ಲಿ, ಅಂಟಾರ್ಕ್ಟಿಕಾದ ಹ್ಯಾಲಿ ಬೇ ನೆಲೆಯ, ನೆಲದಿಂದಲೇ ಅಳೆಯುವ ಹಳೆಯ ಡಾಬ್ಸನ್ ಉಪಕರಣ ನೆಚ್ಚಿಕೊಂಡ ಬ್ರಿಟನ್ನಿನ ಫಾರ್ಮನ್ ತಂಡ ಓಝೋನ್ ಕುಸಿತವನ್ನು ಪ್ರಕಟಿಸಿತು. ಉಪಗ್ರಹದವರು ಮೂಲ ದತ್ತಾಂಶ ಅಳಿಸಿರಲಿಲ್ಲ, ಅದು ಪುಣ್ಯ. ತಿರುಗಿ ನೋಡಿದಾಗ ಇಡೀ ರಂಧ್ರ ಅಲ್ಲೇ ಇತ್ತು.

ವೈದ್ಯಕೀಯದಲ್ಲಿ ಇದು ಇನ್ನೂ ಸಣ್ಣ ಜಾಗದಲ್ಲಿ ಅಡಗಿತ್ತು. ಜಠರದ ಆಮ್ಲದಲ್ಲಿ ಬ್ಯಾಕ್ಟೀರಿಯಾ ಬದುಕವು, ಹುಣ್ಣಿಗೆ ಕಾರಣ ಆಮ್ಲ ಮತ್ತು ಒತ್ತಡ ಎಂಬುದು ಒಪ್ಪಿತ ಮಾತು. ಆಸ್ಟ್ರೇಲಿಯಾದ ವೈದ್ಯರಾದ ಮಾರ್ಷಲ್ ಮತ್ತು ವಾರೆನ್ ಕಳಿಸಿದ ಜಠರದ ತುಣುಕುಗಳನ್ನು ಕಲ್ಚರ್ ತಟ್ಟೆಯಲ್ಲಿಟ್ಟು, ಎರಡು ದಿನದಲ್ಲಿ ಏನೂ ಬೆಳೆಯದಿದ್ದರೆ ಎಸೆಯುವುದು ಲ್ಯಾಬಿನ ರೂಢಿ. 30ಕ್ಕೂ ಹೆಚ್ಚು ರೋಗಿಗಳ ಮಾದರಿ ಹೀಗೆ ಕಸಕ್ಕೆ ಹೋಯಿತು. 1982ರ ಈಸ್ಟರ್ ರಜೆಯಲ್ಲಿ ಯಾರೂ ಎಸೆಯದೆ ತಟ್ಟೆಗಳು ಐದಾರು ದಿನ ಉಳಿದವು, ಆಗ ಹುಣ್ಣಿಗೆ ಕಾರಣವಾದ ಹೆಲಿಕೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಕಾಣಿಸಿತು. ನಿಧಾನ ಬೆಳೆಯುವ ಜೀವಿ ಅದು, ಅಷ್ಟೇ. 48 ಗಂಟೆಯ ಗಡುವು ಯಾರ ಸಿದ್ಧಾಂತವೂ ಆಗಿರಲಿಲ್ಲ, ಆದ್ದರಿಂದ ಅದನ್ನು ಪ್ರಶ್ನಿಸಬೇಕೆಂದು ಯಾರಿಗೂ ಅನಿಸಲೂ ಇಲ್ಲ. ಅವರಿಬ್ಬರಿಗೆ ನೊಬೆಲ್ ಬಂದದ್ದು 2005ರಲ್ಲಿ.

ಹಾಗಾಗಿ ಸಂಶೋಧನಾ ತಂಡಗಳಿಗೆ ಬೇಕಿರುವುದು ಚೌಕಟ್ಟಿನ ಮೇಲೆ ಇನ್ನಷ್ಟು ಭಕ್ತಿಯಲ್ಲ, ಕಸದ ಬುಟ್ಟಿಯ ಲೆಕ್ಕ. ಯಾವ ಮಿತಿಯ ಆಚೆಗಿನ ಅಳತೆ ಕೈಬಿಟ್ಟಿರಿ, ಆ ಮಿತಿ ಎಲ್ಲಿಂದ ಬಂತು, ಎಷ್ಟು ಬಿಟ್ಟಿರಿ ಎಂದು ಬರೆದಿಡಿ. ಕಚ್ಚಾ ದತ್ತಾಂಶ ಉಳಿಸಿ. ಕೆಲವು ಮಾದರಿಗಳನ್ನಾದರೂ ಗಡುವಿನ ಎರಡರಷ್ಟು ಕಾಲ ಇಟ್ಟು ನೋಡಿ.

ಸಮಾಜಶಾಸ್ತ್ರಗಳಿಗೆ ಎರಡನೇ ಮಹಡಿ ಏಳದಿದ್ದುದಕ್ಕೆ ಮರುಗುವವರು ಅರ್ಥಶಾಸ್ತ್ರವನ್ನು ನೋಡಲಿ, ಅಲ್ಲಿ ಮಹಡಿ ಎದ್ದಿತ್ತು. 2008ರ ಮುಂಚೆ ಬಳಕೆಯಲ್ಲಿದ್ದ ಎಷ್ಟೋ ಪ್ರಮಾಣಿತ ಸಮಷ್ಟಿ ಮಾದರಿಗಳಲ್ಲಿ, ಅಂದರೆ ಇಡೀ ಆರ್ಥಿಕತೆಯ ಲೆಕ್ಕ ಹಾಕುವ ಮಾದರಿಗಳಲ್ಲಿ, ಬ್ಯಾಂಕುಗಳಿಗೆ ಸಮೀಕರಣವೇ ಇರಲಿಲ್ಲ. ಬ್ಯಾಂಕ್ ಮುಳುಗಿದರೆ ಏನಾಗುತ್ತದೆ ಎಂಬ ಪ್ರಶ್ನೆಗೆ ಮಾದರಿ ತಪ್ಪು ಉತ್ತರ ಕೊಡಲಿಲ್ಲ, ಪ್ರಶ್ನೆಯನ್ನೇ ಕೇಳಿಸಿಕೊಳ್ಳಲಿಲ್ಲ.

ಇನ್ನು ಆ ಸಡಿಲ ಕನೆಕ್ಟರ್. ಸಾಪೇಕ್ಷತೆ ಮೇಲಿನ ವಿಶ್ವಾಸದಿಂದ ತಂಡದವರು 60 ನ್ಯಾನೊಸೆಕೆಂಡನ್ನು ತಮ್ಮೊಳಗೇ ನುಂಗಿಕೊಂಡಿದ್ದರೆ ಅದು ಇನ್ನೊಂದು 180 ಡಾಬ್ಸನ್ ಆಗುತ್ತಿತ್ತು. ಅವರು ಅಳತೆಯನ್ನು ಹೊರಗಿಟ್ಟು, ತಪ್ಪಿದ್ದರೆ ತೋರಿಸಿ ಎಂದರು. ಅದೇ ಗ್ರಾನ್ ಸಾಸೊದ ಐಕಾರಸ್ ತಂಡ ಬೇರೆ ಉಪಕರಣದಿಂದ ಅಳೆದು, 2012ರಲ್ಲಿ, ನ್ಯೂಟ್ರಿನೊ ಬೆಳಕನ್ನು ಮೀರಿಲ್ಲ ಎಂದಿತು.