ಕ್ಲೀನ್ ಮಾಡಿ ಕೊಡ್ಲಿಕ್ಕುಂಟಾ?

ಮಂಗಳೂರಿನ ಮಾರ್ಕೆಟ್‌ನಲ್ಲಿ ಮೀನಿನ ರೇಟ್ ಮಾತಾಡಿ ಮುಗಿದ ಮೇಲೆ ಒಂದು ಪ್ರಶ್ನೆ ಉಳಿದಿರುತ್ತದೆ: "ಕ್ಲೀನ್ ಮಾಡಿ ಕೊಡ್ಲಿಕ್ಕುಂಟಾ?" ಅಷ್ಟು ಹೊತ್ತು ತುಳುವಿನಲ್ಲೋ ಕೊಂಕಣಿಯಲ್ಲೋ ಬ್ಯಾರಿಯಲ್ಲೋ ಚರ್ಚೆ ಮಾಡಿದವರೂ ಇಲ್ಲಿಗೆ ಬಂದಾಗ ಕ್ಲೀನ್ ಅಂತಲೇ ಹೇಳುತ್ತಾರೆ. ಇಂಗ್ಲಿಷಿನವರೂ ಮೀನಿನ ಹೊಟ್ಟೆ ಸೀಳಿ ಒಳಗಿನದನ್ನು ತೆಗೆಯುವುದಕ್ಕೆ ಇದೇ ಶಬ್ದ ಬಳಸುತ್ತಾರೆ. ಅವರಿಗೆ ನೆಲ ಒರೆಸಿದರೂ ಕ್ಲೀನ್, ಹಲ್ಲುಜ್ಜಿದರೂ ಕ್ಲೀನ್, ಮೀನಿನ ಕರುಳು ಕಿತ್ತರೂ ಕ್ಲೀನ್. ಸ್ವಲ್ಪ ಸೋಮಾರಿ ಕ್ರಿಯಾಪದ ಅಂತ ನನಗೆ ಅನಿಸುತ್ತದೆ. ಕೆಲಸ ಮುಗಿದ ಮೇಲೆ ಹೇಗಿರಬೇಕು ಅಂತ ಹೇಳುತ್ತದೆ, ಏನು ಮಾಡಬೇಕು ಅಂತ ಹೇಳುವುದಿಲ್ಲ.

ಅದನ್ನು ಮೀನೇ ಹೇಳಬೇಕು. ಬಂಗುಡೆಯಾದರೆ ಕಿವಿರು ಕಿತ್ತು, ಹೊಟ್ಟೆ ಸೀಳಿ, ಮಸಾಲೆ ಒಳಗೆ ಹೋಗಲಿಕ್ಕೆ ಎರಡು ಬದಿಗೂ ಗೀರು ಹಾಕುತ್ತಾರೆ. ಬೂತಾಯಿಯ ಹುರುಪೆ ಬೆರಳಲ್ಲಿ ಉಜ್ಜಿದರೇ ಬರುತ್ತದೆ. ನಾಲಗೆಯ ಹಾಗೆ ಚಪ್ಪಟೆ ಇರುವ ನಂಗಿನದ್ದು ಬೇರೆಯೇ ಕಥೆ. ಅದರ ಚರ್ಮದ ಒಂದು ತುದಿ ಬಿಡಿಸಿ, ಜಾರದ ಹಾಗೆ ಬೂದಿ ಮುಟ್ಟಿದ ಬೆರಳಲ್ಲಿ ಹಿಡಿದು ಎಳೆದರೆ ಸರ್ರನೆ ಇಡೀ ಚರ್ಮ ಕೈಗೆ ಬರುತ್ತದೆ. ನೋಡಲಿಕ್ಕೆ ಸುಲಭ. ಮನೆಯಲ್ಲಿ ಎಳೆದು ನೋಡಿ, ಗೊತ್ತಾಗುತ್ತದೆ. ಸಿಗಡಿಗೆ ಸಿಪ್ಪೆಯ ಜೊತೆ ಬೆನ್ನಿನ ಕಪ್ಪು ನೂಲೂ ಹೋಗಬೇಕು. ನೂಲು ಅಂತ ಹೇಳುವುದು ಮರ್ಯಾದೆಗೆ, ಅದು ಅದರ ಕರುಳು. ಬೊಂಡಾಸಿನಲ್ಲಿ, ಅಂದರೆ ಸ್ಕ್ವಿಡ್‌ನಲ್ಲಿ, ಶಾಯಿ ಚೀಲ ಒಡೆಯದ ಹಾಗೆ ತೆಗೆಯಬೇಕು. ಚಿಪ್ಪಿನೊಳಗಿರುವ ಮರುವಾಯಿಯನ್ನು ಮಾತ್ರ ಮರುವಾಯಿಯೇ ಕ್ಲೀನ್ ಮಾಡಿಕೊಳ್ಳುತ್ತದೆ. ಉಪ್ಪು ನೀರಿನಲ್ಲಿ ಕೆಲವು ಗಂಟೆ ಬಿಟ್ಟರೆ ಒಳಗಿನ ಹೊಯಿಗೆ, ಅಂದರೆ ಮರಳು, ಉಗಿದು ಕೂತಿರುತ್ತದೆ.

ಇಷ್ಟಕ್ಕೆಲ್ಲ ಒಂದೇ ಶಬ್ದ ಸಾಲದು ಅಂತ ಇಂಗ್ಲಿಷಿನವರಿಗೂ ಗೊತ್ತು. ಅವರು ಒಂದು ಉಪಾಯ ಮಾಡಿದ್ದಾರೆ. ಯಾವುದನ್ನು ತೆಗೆಯಬೇಕೋ ಅದನ್ನೇ ಕ್ರಿಯಾಪದ ಮಾಡುವುದು. ಹುರುಪೆ ತೆಗೆದರೆ ಸ್ಕೇಲ್, ಚರ್ಮ ತೆಗೆದರೆ ಸ್ಕಿನ್, ಮುಳ್ಳು ತೆಗೆದರೆ ಬೋನ್. ಹಾಗಂತ ಉಪ್ಪಿಗೂ ಅದೇ ಲೆಕ್ಕ ಹಾಕಬೇಡಿ. ಸಾಲ್ಟ್ ಅಂದರೆ ಉಪ್ಪು ಹಾಕುವುದು. ಡಸ್ಟ್ ಅಂತೂ ಎರಡು ಕಡೆಯೂ ಇದೆ. ಕಪಾಟನ್ನು ಡಸ್ಟ್ ಮಾಡಿದರೆ ಧೂಳು ಹೋಗುತ್ತದೆ, ಕೇಕನ್ನು ಡಸ್ಟ್ ಮಾಡಿದರೆ ಸಕ್ಕರೆ ಪುಡಿ ಬೀಳುತ್ತದೆ. ಮಕ್ಕಳು ಪರೀಕ್ಷೆಯಲ್ಲಿ ತಪ್ಪು ಬರೆದರೆ ಬೈಯಬಾರದು, ಅಲ್ವಾ?

ಮಾರ್ಕೆಟ್‌ನಲ್ಲಿ ಕ್ಲೀನ್ ಆದ ಮೀನಿಗೆ ಮನೆಯಲ್ಲಿ ಇನ್ನೊಂದು ಸುತ್ತು ಇದ್ದದ್ದೇ. ಉಪ್ಪು ಹಾಕಿ ತಿಕ್ಕುತ್ತಾರೆ, ನೀರು ತಿಳಿಯಾಗುವವರೆಗೆ ತೊಳೆಯುತ್ತಾರೆ. "ಅಲ್ಲೇ ಕ್ಲೀನ್ ಮಾಡಿದ್ದಾರಲ್ಲ" ಅಂದವರಿಗೆ ಮರುದಿನದಿಂದ ಆ ಕೆಲಸವೇ ಸಿಗುವ ಅಪಾಯ ಉಂಟು. ಸುಮ್ನೆ ಇರುವುದು ಒಳ್ಳೆಯದು.

ನನ್ನ ತಕರಾರು ಮೊದಲೇ ಕ್ಲೀನ್ ಮಾಡಿಟ್ಟ ಮೀನಿನ ಮೇಲೆ. ಮೀನು ತಾಜಾ ಹೌದೋ ಅಲ್ಲವೋ ಅಂತ ನೋಡುವುದು ಹೇಗೆ? ಕಿವಿರು ಎತ್ತಿದರೆ ಕೆಂಪಗಿರಬೇಕು, ಕಣ್ಣು ಉಬ್ಬಿ ಹೊಳೆಯಬೇಕು, ಹೊಟ್ಟೆ ಒತ್ತಿದರೆ ಗಟ್ಟಿ ಇರಬೇಕು. ಕಿವಿರು, ತಲೆ, ಹೊಟ್ಟೆ ಮೂರೂ ಹೋದ ಮೇಲೆ ಕೇಳುವುದು ಯಾರನ್ನು? ಸಾಕ್ಷಿಗಳೇ ಇಲ್ಲ. ಜೂನ್ 1ರಿಂದ ಜುಲೈ 31ರವರೆಗೆ ದೊಡ್ಡ ಬೋಟುಗಳು ಕಡಲಿಗಿಳಿಯುವಂತಿಲ್ಲ. ಆಗ ಹೊರಗಿನ ಐಸ್ ಮೀನು ಜಾಸ್ತಿ. ಕಿವಿರು ಎತ್ತಿ ನೋಡಲೇಬೇಕಾದ ಕಾಲ ಅದು. ಹಾಗಾಗಿ ಬೆಳ್ಳಗೆ, ಚಂದಕ್ಕೆ, ತಟ್ಟೆಯಲ್ಲಿ ಸಾಲಾಗಿ ಇಟ್ಟದ್ದನ್ನು ನಾನು ದಾಟಿ ಹೋಗುತ್ತೇನೆ.

"ರೆಡಿ ಉಂಟಲ್ಲ ಮಾರಾಯ್ರೇ, ಇದನ್ನೇ ಕೊಂಡುಹೋಗಿ."

"ಬೇಡ ಅಕ್ಕ, ಆ ಇಡೀ ಇರುವುದನ್ನು ತೂಗಿ. ಮತ್ತೆ ಕ್ಲೀನ್ ಮಾಡಿ ಕೊಡಿ, ನಾನು ನಿಲ್ತೇನೆ."