ಆಂಬುಲೆನ್ಸ್ ಕಂಪನಿ ಶುರು ಮಾಡಲು ಡಾಕ್ಟರೇ ಆಗಬೇಕಾ? ಒಂದು ಸ್ಪಷ್ಟನೆ

ಬೆಂಗಳೂರಿನ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ: "ಪ್ಯಾರಾಮೆಡಿಕ್‌ಗಳು ಸ್ವಂತ ಆಂಬುಲೆನ್ಸ್ ಕಂಪನಿ ನಡೆಸುವುದು ಕಾನೂನುಬಾಹಿರ. ಡಾಕ್ಟರ್ ಅಥವಾ ಆಸ್ಪತ್ರೆ ಮಾತ್ರ ಗಾಡಿ ಇಡಬಹುದು. 108ಕ್ಕೆ ಕರೆ ಮಾಡಿದರೆ ಇಂಥ ಗಾಡಿಯನ್ನೇ ಕಳಿಸಿ ದುಡ್ಡು ಕೇಳುತ್ತಾರೆ."

ಇದು ತಪ್ಪು. ಕಂಪನಿಯ ಮಾಲೀಕ ಡಾಕ್ಟರೇ ಆಗಿರಬೇಕಿಲ್ಲ. ನಾಲ್ಕು ಜನ ಪ್ಯಾರಾಮೆಡಿಕ್‌ಗಳು, ಅಂದರೆ ಡಾಕ್ಟರ್ ಅಲ್ಲದ ಆದರೆ ತುರ್ತು ಚಿಕಿತ್ಸೆಯ ತರಬೇತಿ ಪಡೆದವರು, ಸೇರಿ ಪಾಲುದಾರಿಕೆಯಲ್ಲೋ ಪ್ರೈವೇಟ್ ಲಿಮಿಟೆಡ್ ಆಗಿಯೋ ಶುರು ಮಾಡಬಹುದು.

ಕಟ್ಟುನಿಟ್ಟು ಇರುವುದು ಗಾಡಿಯ ವಿಷಯದಲ್ಲಿ. ಆರ್‌ಟಿಒದಲ್ಲಿ ಅದು ಆಂಬುಲೆನ್ಸ್ ಎಂದೇ ನೋಂದಣಿಯಾಗಬೇಕು. ಸುಮ್ನೆ ಒಂದು ವ್ಯಾನಿಗೆ ಸೈರನ್ ಹಾಕಿದರೆ ಆಗಲ್ಲ. ಆಂಬುಲೆನ್ಸ್‌ಗೆಂದೇ ಎಐಎಸ್-125 ಎಂಬ ಮಾನದಂಡವಿದೆ, ಅದರಲ್ಲಿ ಎ, ಬಿ, ಸಿ, ಡಿ ಎಂದು ನಾಲ್ಕು ಬಗೆ. 'ಬಿ' ರೋಗಿಯನ್ನು ಸಾಗಿಸಲು ಮಾತ್ರ. 'ಡಿ' ಅಂದರೆ ವೆಂಟಿಲೇಟರ್ ಇರುವ, ಜಾಸ್ತಿ ಖರ್ಚಿನ ಗಾಡಿ. 'ಬಿ' ಗಾಡಿಗೆ ಐಸಿಯು ಎಂದು ಬರೆಸಿ ಓಡಿಸುವವರ ಬಗ್ಗೆ ಮೆಸೇಜ್ ಬಂದಿದ್ದರೆ ಉಪಯೋಗವಾದರೂ ಆಗುತ್ತಿತ್ತು! ಎಫ್‌ಸಿ (ಗಾಡಿ ಓಡಿಸಲು ಯೋಗ್ಯವಾಗಿದೆ ಎಂಬ ಪ್ರಮಾಣಪತ್ರ), ವಿಮೆಯೂ ಬೇಕು. ಆಂಬುಲೆನ್ಸ್ ಕೆಲಸಕ್ಕಷ್ಟೇ ಬಳಸುವ ಗಾಡಿಗೆ ಮೋಟಾರು ವಾಹನ ಕಾಯ್ದೆಯ 66ನೇ ಸೆಕ್ಷನ್ ಪರ್ಮಿಟ್‌ನಿಂದ ವಿನಾಯಿತಿ ಕೊಟ್ಟಿದೆ.

ಮಾಲೀಕರೇ ಪ್ಯಾರಾಮೆಡಿಕ್ ಆದರೂ ಡಾಕ್ಟರ್ ಮಾಡುವ ಚಿಕಿತ್ಸೆಯನ್ನೆಲ್ಲ ಮಾಡುವಂತಿಲ್ಲ. ಔಷಧದ ವಿಚಾರದಲ್ಲಿ ವೈದ್ಯರ ಸೂಚನೆ ಬೇಕೇ ಬೇಕು. ಹಾಗಾಗಿ ಒಬ್ಬ ಡಾಕ್ಟರ್ ಜೊತೆ ಒಪ್ಪಂದ ಮಾಡಿಕೊಳ್ಳುವುದು ಜಾಣತನ. ಮೆಸೇಜ್ ಬರೆದವರು ಇದನ್ನೇ ಮಾಲೀಕತ್ವ ಅಂದುಕೊಂಡಿರಬೇಕು.

ಇನ್ನು 108 ಆರೋಗ್ಯ ಕವಚ ಸರ್ಕಾರದ ಸೇವೆ. 2008ರಿಂದ ನಡೆಯುತ್ತಿದೆ, ಉಚಿತ. ಖಾಸಗಿ ಕಂಪನಿಗೆ ಅದರದೇ ನಂಬರ್, ಅದರದೇ ದರ. ಗಾಡಿ ಹೊರಡುವ ಮುಂಚೆಯೇ ದರ ಕೇಳಿಕೊಳ್ಳಿ.